ಪ್ಯಾಂಟಿನ ಬೆನ್ನಲ್ಲಿ ಎರಡಿಂಚು ಬಟ್ಟೆ

ಬೆಳಿಗ್ಗೆ ಎಂಟರ ಹೊತ್ತಿಗೆ ಎರ್ಮಾಳಿನ ಹೆದ್ದಾರಿ ಬದಿಯಲ್ಲಿ ಉಡುಪಿ, ಮಣಿಪಾಲ, ಮಂಗಳೂರಿನ ಬಸ್ಸಿಗೆ ಕಾದು ನಿಂತ ಗಂಡಸರನ್ನು ಹಿಂದಿನಿಂದ ನೋಡಿದರೆ ಒಂದು ವಿಷಯ ಗೊತ್ತಾಗುತ್ತದೆ. ಶರ್ಟು ಚೊಕ್ಕ, ಇಸ್ತ್ರಿ ಗೆರೆ ಚೊಕ್ಕ. ಆದರೆ ಸೊಂಟದ ಹಿಂದೆ ಬೆಲ್ಟಿನ ಕೆಳಗೆ ಬಟ್ಟೆ ಮುದುಡಿಕೊಂಡು ಗಂಟಾಗಿರುತ್ತದೆ. ಕೆಲವರ ಬಾಟಮ್ ಚಪ್ಪಲಿಯಡಿ ಸಿಕ್ಕಿ ನೂಲು ಬಿಟ್ಟಿರುತ್ತದೆ. ಸಾವಿರಾರು ರೂಪಾಯಿ ಕೊಟ್ಟು ತಂದ ಪ್ಯಾಂಟು ಯಾರದೋ ಮೈಗೆ ಹೊಲಿದಂತೆ ಕಾಣುತ್ತದೆ. ಇದನ್ನು ಮನೆಯಲ್ಲೇ ಒಂದು ಮಧ್ಯಾಹ್ನದ ಕೆಲಸದಲ್ಲಿ ಸರಿಮಾಡಬಹುದು ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತೇ ಇಲ್ಲ.

ಫಾರ್ಮಲ್ ಪ್ಯಾಂಟಿಗೂ ಈ ಸೀಮೆಗೂ ಹಳೆಯ ನಂಟು. 1906ರಲ್ಲಿ ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕು, ಅದೇ ವರ್ಷ ಮಂಗಳೂರಿನಲ್ಲಿ ಕೆನರಾ ಬ್ಯಾಂಕು, 1931ರಲ್ಲಿ ವಿಜಯಾ ಬ್ಯಾಂಕು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು ಶುರುವಾದದ್ದೇ ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರ ಕೈಹಿಡಿಯಲೆಂದು. ಬ್ಯಾಂಕಿನ ಕೆಲಸ ಸಿಕ್ಕಿತೆಂದರೆ ಪ್ಯಾಂಟ್ ಪೀಸ್ ತಂದು ಟೈಲರಿಗೆ ಅಳತೆ ಕೊಡುವುದು ಆಗಿನ ಮನೆಮನೆಯ ಸಂಭ್ರಮ. ಮುಂಬಯಿಯಿಂದ, ಗಲ್ಫಿನಿಂದ ರಜೆಗೆ ಬಂದವರು ತರುತ್ತಿದ್ದದ್ದೂ ಪ್ಯಾಂಟ್ ಪೀಸನ್ನೇ. ಈಗ ರೆಡಿಮೇಡ್ ಕಾಲ. ಅಳತೆ ತೆಗೆಯುವ ಕೈ ಕಡಿಮೆಯಾಯಿತು, ಮೈ ಮಾತ್ರ ಮೊದಲಿನ ಹಾಗೆ ಒಬ್ಬೊಬ್ಬರದು ಒಂದೊಂದು ತರ.

ರೆಡಿಮೇಡ್ ಪ್ಯಾಂಟನ್ನು ಮಾರುವುದು ಸೊಂಟದ ಇಂಚಿನ ಲೆಕ್ಕದಲ್ಲಿ: 30, 32, 34, 36. ಸೀಟು, ತೊಡೆ, ಮೊಣಕಾಲು ಎಲ್ಲವೂ ಆ ಒಂದು ಅಂಕಿಯ ಹಿಂದೆ ಬರುತ್ತವೆ. ಗದ್ದೆ, ದೋಣಿ, ಕಬಡ್ಡಿ ಎಂದು ತೊಡೆ ಬಲಿತ ಹುಡುಗನ ಸೊಂಟ 32 ಇದ್ದರೂ ತೊಡೆಗೆ ಹಿಡಿಯುವುದು 34ರ ಪ್ಯಾಂಟೇ. ಸೊಂಟದಲ್ಲಿ ಉಳಿದ ಎರಡಿಂಚನ್ನು ಅವನು ಬೆಲ್ಟು ಬಿಗಿದು ಅಡಗಿಸುತ್ತಾನೆ. ಬೆನ್ನ ಕೆಳಗಿನ ಆ ಗಂಟು ಹುಟ್ಟುವುದು ಇಲ್ಲೇ.

ಇದಕ್ಕೆ ಪರಿಹಾರ ಪ್ಯಾಂಟಿನೊಳಗೇ ಇದೆ. ಪ್ಯಾಂಟನ್ನು ಒಳಮಗ್ಗುಲು ಮಾಡಿ ಬೆನ್ನಿನ ನಡುವಿನ ಹೊಲಿಗೆಯನ್ನು ನೋಡಿ. ಬೇರೆ ಹೊಲಿಗೆಗಳಲ್ಲಿ ಮಾರ್ಜಿನ್ ಅರ್ಧ ಇಂಚಿನ ಆಸುಪಾಸು ಇದ್ದರೆ, ಇಲ್ಲಿ ಸೊಂಟಪಟ್ಟಿಯ ಹತ್ತಿರ ಎರಡೂ ಬದಿ ತಲಾ ಒಂದು, ಒಂದೂವರೆ ಇಂಚು ಬಟ್ಟೆ ಬಿಟ್ಟಿರುತ್ತಾರೆ. ಕೆಳಗೆ ಹೋದಂತೆ ಅದು ಕಿರಿದಾಗುತ್ತದೆ. ಸೊಂಟಪಟ್ಟಿಯನ್ನೂ ಗಮನಿಸಿ, ಅದು ಒಂದೇ ತುಂಡಲ್ಲ. ಬೆನ್ನ ನಡುವಿನಲ್ಲಿ ಎರಡು ತುಂಡು ಕೂಡಿರುತ್ತವೆ. ಹಳೆಯ ಟೈಲರುಗಳ ಪದ್ಧತಿಯಲ್ಲಿ ಎಡಗಾಲು ಬೇರೆ, ಬಲಗಾಲು ಬೇರೆ ಹೊಲಿದು, ಅದರದರ ಸೊಂಟಪಟ್ಟಿಯನ್ನು ಅದಕ್ಕೇ ಕೂಡಿಸಿ, ಕೊನೆಗೆ ಬೆನ್ನಿನ ಒಂದು ಹೊಲಿಗೆಯಿಂದ ಎರಡನ್ನೂ ಸೇರಿಸುತ್ತಾರೆ. ಆ ಒಂದು ಹೊಲಿಗೆ ಬಿಚ್ಚಿದರೆ ಸೊಂಟ ನಮ್ಮ ಕೈಗೆ ಬಂತು. ಗಂಡಸರ ಫಾರ್ಮಲ್ ಪ್ಯಾಂಟನ್ನು ಆಲ್ಟರ್ ಮಾಡಲೆಂದೇ ಕಟ್ಟಿರುತ್ತಾರೆ. ಜೀನ್ಸಿನಲ್ಲಿ ಈ ಅನುಕೂಲ ಇಲ್ಲ: ಸೊಂಟಪಟ್ಟಿ ಒಂದೇ ತುಂಡು, ಹೊಲಿಗೆ ಮಡಚಿ ಹೊಡೆದದ್ದು, ಮಾರ್ಜಿನ್ ಇರುವುದೇ ಇಲ್ಲ.

ಮೊದಲು ಪ್ಯಾಂಟನ್ನು ಒಂದು ಸಲ ಒಗೆದು ಇಸ್ತ್ರಿ ಮಾಡಿ. ಹತ್ತಿಯ ಬಟ್ಟೆ ಕುಗ್ಗುವುದಿದ್ದರೆ ಈಗಲೇ ಕುಗ್ಗಲಿ. ನಂತರ ಶರ್ಟು ಒಳಗೆ ಹಾಕಿ, ಬೆಲ್ಟಿಲ್ಲದೆ ತೊಟ್ಟು, ದಿನಾ ಹಾಕುವ ಚಪ್ಪಲಿಯನ್ನೋ ಶೂವನ್ನೋ ಮೆಟ್ಟಿ ಕನ್ನಡಿ ಮುಂದೆ ನಿಲ್ಲಿ. ಸುಕ್ಕುಗಳನ್ನು ಓದಲು ಕಲಿಯಬೇಕು, ಅಳತೆಪಟ್ಟಿ ಹೇಳದ್ದನ್ನು ಅವು ಹೇಳುತ್ತವೆ. ಅಡ್ಡ ಗೆರೆ ಬಿದ್ದರೆ ಅಲ್ಲಿ ಬಿಗಿ, ಉದ್ದುದ್ದ ಮಡಿಕೆ ಬಿದ್ದರೆ ಅಲ್ಲಿ ಸಡಿಲ. ಜಿಪ್ಪಿನ ಬುಡದಿಂದ ಎರಡೂ ತೊಡೆಯ ಕಡೆಗೆ ಗೆರೆಗಳು ಹರಡಿದ್ದರೆ ತೊಡೆಯ ಬಳಿ ಬಟ್ಟೆ ಸಾಲದಾಗಿದೆ. ಪಕ್ಕದ ಜೇಬುಗಳು ಬಾಯಿ ತೆರೆದು ನಿಂತಿದ್ದರೆ ಸೀಟು ಬಿಗಿ. ನಿಂತಾಗ ಮಾತ್ರವಲ್ಲ, ಕುರ್ಚಿಯಲ್ಲಿ ಕೂತೂ ನೋಡಿ.

ಸೊಂಟ ಸಡಿಲ ಎಂದಿಟ್ಟುಕೊಳ್ಳಿ. ಬೆನ್ನ ನಡುವೆ ಹೆಚ್ಚಾದ ಬಟ್ಟೆಯನ್ನು ಇನ್ನೊಬ್ಬರು ಚಿವುಟಿ ಹಿಡಿದು ಪಿನ್ನು ಹಾಕಲಿ. ಪಿನ್ನನ್ನು ಚುಚ್ಚಿ ದಿನಗಟ್ಟಲೆ ಬಿಡಬಾರದು, ನಮ್ಮ ಕಡಲ ಗಾಳಿಗೆ ತುಕ್ಕಿನ ಕಲೆ ಕೂತರೆ ಮತ್ತೆ ಹೋಗುವುದಿಲ್ಲ. ಗುರುತಿಗೆ ಸ್ನಾನದ ಸೋಪಿನ ಒಣಗಿದ ತೆಳು ಚೂರು ಸಾಕು, ಒಗೆದಾಗ ಹೋಗುತ್ತದೆ. ಇಲ್ಲೊಂದು ಲೆಕ್ಕ ಹೆಚ್ಚಿನವರಿಗೆ ತಪ್ಪುತ್ತದೆ. ಸೊಂಟ ಒಟ್ಟು ಒಂದಿಂಚು ಇಳಿಯಬೇಕಾದರೆ ಹೊಲಿಗೆಯನ್ನು ಸರಿಸಬೇಕಾದದ್ದು ಅರ್ಧ ಇಂಚು ಮಾತ್ರ, ಬಟ್ಟೆ ಎರಡು ಮಡಿಕೆ ಇರುತ್ತದಲ್ಲ.

ಬೆನ್ನಿನ ಬೆಲ್ಟ್ ಲೂಪನ್ನು ಬಿಚ್ಚಿ. ಸೊಂಟಪಟ್ಟಿಯ ಒಳಗಿನ ಅಸ್ತರನ್ನು ಎರಡು ಮೂರು ಇಂಚು ಬಿಡಿಸಿ. ಈಗ ಬೆನ್ನ ಹೊಲಿಗೆಯನ್ನು ಬ್ಲೇಡಿನ ತುದಿಯಿಂದ ಒಂದೊಂದೇ ನೂಲು ಕತ್ತರಿಸಿ ಬಿಚ್ಚಬೇಕು, ಎಳೆಯಬಾರದು. ಹೊಸ ಗೆರೆ ಸೊಂಟಪಟ್ಟಿಯ ತುದಿಯಿಂದ ಹೊರಟು ಏಳೆಂಟು ಇಂಚು ಕೆಳಗೆ ಹಳೆಯ ಹೊಲಿಗೆಯೊಳಗೆ ಮೆಲ್ಲಗೆ ಕರಗಬೇಕು. ತಟ್ಟನೆ ತಿರುಗಿಸಿದರೆ ಅಲ್ಲೊಂದು ಮೊನೆ ಎದ್ದು ಕಾಣುತ್ತದೆ. ಮೊದಲು ಕೈಯಲ್ಲಿ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ, ತೊಟ್ಟು ನೋಡಿ, ಕೂತು ನೋಡಿ, ಆಮೇಲೆ ಮೆಷಿನ್ನು. ಸೀಟಿನ ಬಾಗಿನಲ್ಲಿ ಬಟ್ಟೆ ಓರೆಯಾಗಿ ಕತ್ತರಿಸಿದ್ದಾದ್ದರಿಂದ ಅದು ಎಳೆದಂತೆ ಹಿಗ್ಗುತ್ತದೆ, ನೂಲು ಹಿಗ್ಗದಿದ್ದರೆ ಬಗ್ಗಿದಾಗ ಪಟ್ಟನೆ ಬಿಡುತ್ತದೆ. ಹಾಗಾಗಿ ಹತ್ತಿಯ ನೂಲು ಬೇಡ, ಪಾಲಿಯೆಸ್ಟರ್ ನೂಲೇ ಇರಲಿ, ಒಂದರ ಮೇಲೊಂದು ಎರಡು ಸಲ ಹೊಲಿಯಿರಿ. ಮೆಷಿನ್ನಿಗೆ 14ನೇ ನಂಬರಿನ ಸೂಜಿ. ಮೆಷಿನ್ನಿಲ್ಲದಿದ್ದರೆ ಕೈಯಲ್ಲಿ ಒತ್ತೊತ್ತಾದ ಬ್ಯಾಕ್‌ಸ್ಟಿಚ್ ಹಾಕಿದರೂ ಗಟ್ಟಿ ನಿಲ್ಲುತ್ತದೆ. ಹೊಲಿದ ಮೇಲೆ ಮಾರ್ಜಿನನ್ನು ಎರಡು ಬದಿಗೆ ಬಿಡಿಸಿ, ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಮಾಡಿ. ನೇರ ಇಸ್ತ್ರಿ ಪೆಟ್ಟಿಗೆ ತಗುಲಿದರೆ ಕಪ್ಪು ಪ್ಯಾಂಟು ಮಿನುಗತೊಡಗುತ್ತದೆ.

ಒಟ್ಟು ಎರಡಿಂಚಿಗಿಂತ ಹೆಚ್ಚು ಇಳಿಸಬೇಡಿ, ಹಿಂದಿನ ಜೇಬುಗಳು ಒಂದರ ಹತ್ತಿರ ಒಂದು ಬಂದು ನಿಲ್ಲುತ್ತವೆ. ಉಳಿದ ಬಟ್ಟೆಗೆ ಕತ್ತರಿಯನ್ನಂತೂ ಹಾಕಲೇಬೇಡಿ. ಮದುವೆಯಾಗಿ ಎರಡು ವರ್ಷಕ್ಕೆ ಅದೇ ಹುಡುಗ ಬಿಗಿಯಾಯಿತೆಂದು ಪ್ಯಾಂಟು ಹಿಡಿದು ಬಂದಾಗ, “ಮಾರ್ಜಿನ್ ಉಂಟು ಮಾರಾಯ್ರೆ, ಬಿಡಿಸುವ” ಎನ್ನಲು ಆ ಬಟ್ಟೆ ಅಲ್ಲಿರಬೇಕು.

ಕಾಲು ಅಗಲವಾದರೆ ಮೊಣಕಾಲಿನಿಂದ ಕೆಳಗೆ ಒಳ ಹೊಲಿಗೆ, ಹೊರ ಹೊಲಿಗೆ ಎರಡರಲ್ಲೂ ಸಮ ಸಮ ತೆಗೆಯಬೇಕು. ಒಂದೇ ಬದಿ ತೆಗೆದರೆ ಇಸ್ತ್ರಿ ಗೆರೆ ಪಾದದ ನಡುವಿನಿಂದ ಸರಿದು ಕಾಲು ತಿರುಚಿದಂತೆ ಕಾಣುತ್ತದೆ.

ಉದ್ದದ ವಿಷಯದಲ್ಲಿ ಕರಾವಳಿಯವರಿಗೆ ನನ್ನ ಸಲಹೆ ಸ್ವಲ್ಪ ಬೇರೆ. ಜೂನಿನಿಂದ ಸೆಪ್ಟೆಂಬರ್ ತನಕ ನೆಲ ಒದ್ದೆ ಇರುವ ಊರಿನಲ್ಲಿ ಶೂವಿನ ಮೇಲೆ ಎರಡು ಮಡಿಕೆ ಬೀಳುವ ಉದ್ದ ಬೇಡ. ಬಾಟಮ್ ಮುಂದೆ ಪಾದಕ್ಕೆ ತಾಗಿದಂತಿದ್ದು, ಹಿಂದೆ ಅರ್ಧ ಇಂಚು ಇಳಿದಿರಲಿ; ಹಿಮ್ಮಡಿ ಮುಚ್ಚುತ್ತದೆ, ನೆಲ ತಾಗುವುದಿಲ್ಲ. ಒಳಗೆ ಒಂದೂವರೆ, ಎರಡಿಂಚು ಮಡಚಿ, ಒಳಬದಿಯಿಂದ ಹೊರಬಟ್ಟೆಯ ಒಂದೆರಡು ಎಳೆಗಳನ್ನಷ್ಟೇ ಸೂಜಿಯಲ್ಲಿ ಹಿಡಿದು ಕೈಯಲ್ಲೇ ಹೆಮ್ಮಿಂಗ್ ಮಾಡಿ. ನೂಲನ್ನು ಬಿಗಿ ಎಳೆಯದಿದ್ದರೆ ಹೊರಗೆ ಏನೂ ಕಾಣುವುದಿಲ್ಲ. ಹಿಮ್ಮಡಿ ಉಜ್ಜುವ ಕಡೆ ಒಳಗೊಂದು ಗಟ್ಟಿ ಟೇಪು ಹೊಲಿದರೆ ಬಾಟಮ್ ಬೇಗ ಸವೆಯುವುದಿಲ್ಲ.

ಸರಿಮಾಡಲಾಗದ್ದೂ ಉಂಟು. ಸೊಂಟದಿಂದ ಕಾಲು ಕೂಡುವಲ್ಲಿಯವರೆಗಿನ ಆಳ ಸಾಲದಿದ್ದರೆ ಸೇರಿಸಲು ಬಟ್ಟೆ ಇರುವುದಿಲ್ಲ. ಅಂಥ ಪ್ಯಾಂಟನ್ನು ಅಂಗಡಿಯಲ್ಲೇ ಬಿಟ್ಟು ಬರಬೇಕು. ತೊಡೆಗೆ, ಸೀಟಿಗೆ ಸರಿಯಾದದ್ದನ್ನು ಆರಿಸಿ, ಸೊಂಟವನ್ನು ಮನೆಯಲ್ಲಿ ಇಳಿಸಿಕೊಳ್ಳಿ. ಕೊಳ್ಳುವ ಮೊದಲು ಬೆನ್ನಿನ ಮಾರ್ಜಿನ್ ಎಷ್ಟಿದೆ ಎಂದು ತಿರುವಿ ನೋಡಲು ಸಂಕೋಚ ಬೇಡ.

ಬಡಾ ಎರ್ಮಾಳಿರಲಿ, ತೆಂಕ ಎರ್ಮಾಳಿರಲಿ, ಹೊಲಿಗೆ ಮೆಷಿನ್ನು ಇರುವ ಮನೆಗಳಿಗೆ ಬರವಿಲ್ಲ. ರವಿಕೆಯ ತೋಳು ಕೂಡಿಸುವ ಕೈಗೆ ಈ ಕೆಲಸ ಏನೇನೂ ಕಷ್ಟವಲ್ಲ, ತೋಳಿನ ಬಾಗಿಗಿಂತ ಬೆನ್ನ ಹೊಲಿಗೆ ಸಲೀಸು. ಆದರೂ ಪ್ಯಾಂಟೆಂದರೆ ಗಂಡಸು ಟೈಲರಿನ ಕೆಲಸ ಎಂದು ಬದಿಗಿಡುತ್ತಾರೆ. ಹೆಂಗಸರ ಹೊಲಿಗೆ ತರಬೇತಿಗಳಲ್ಲೂ ರವಿಕೆ, ಚೂಡಿದಾರಕ್ಕೇ ಹೆಚ್ಚು ಸಮಯ. ಅದರಲ್ಲಿ ಒಂದೆರಡು ದಿನವನ್ನು ಪ್ಯಾಂಟಿನ ಆಲ್ಟರೇಶನ್ನಿಗೆ ಮೀಸಲಿಟ್ಟರೆ, ಬಟ್ಟೆ ಕೊಳ್ಳದೆ, ಕತ್ತರಿಸದೆ, ಬರೇ ನೂಲಿನ ಖರ್ಚಿನಲ್ಲಿ ಸಂಪಾದಿಸುವ ಕೆಲಸವೊಂದು ಅವರ ಕೈಗೆ ಸಿಗುತ್ತದೆ. ಬೇಸಗೆಯ ಮದುವೆ ಸೀಸನ್ನಿಗೆ ಮೊದಲು ಇದನ್ನು ಕಲಿತವರ ಮನೆಗೆ ಊರಿನ ಪ್ಯಾಂಟುಗಳೆಲ್ಲ ಬಂದಾವು.