ಮಕ್ಕಳ ಆಟದಲ್ಲಿ ಮಳೆಹನಿಯ ಪಯಣ

ಪಾಠವೊಂದು ಬಾಯಿಗೆ ಬಂದ ಮಾತ್ರಕ್ಕೆ ಬುದ್ಧಿಗೆ ಇಳಿಯಿತೆಂದು ತಿಳಿಯಲಾಗದು. ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ಓದುತ್ತಿದ್ದಾಗ ನಾನೂ ‘ಸಮುದ್ರ, ಆವಿ, ಮೋಡ, ಮಳೆ, ನದಿ’ ಎಂದು ಜಲಚಕ್ರವನ್ನು ಕಂಠಪಾಠ ಮಾಡಿ ಒಪ್ಪಿಸಿದವನೇ. ಆದರೆ ಬೇಸಿಗೆಯಲ್ಲಿ ಊರ ಕೆರೆಯ ನೀರು ಎಲ್ಲಿಗೆ ಹೋಯಿತೆಂದು ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ. ಪುಸ್ತಕದ ಚಕ್ರಕ್ಕೂ ಕಣ್ಣೆದುರಿನ ಕೆರೆಗೂ ಇರುವ ನಂಟು ನನಗೆ ಹೊಳೆದಿರಲಿಲ್ಲ. ಆ ನಂಟನ್ನು ಬೆಸೆಯಬಲ್ಲದ್ದು ಅಭಿನಯ. ಮೋಡವೆಂದರೆ ಮಗುವಿಗೆ ಒಡಹುಟ್ಟಿದ್ದಂತೆ. ಕುವೆಂಪು ಅವರ ಮಕ್ಕಳ ನಾಟಕದ ಹೆಸರೇ ‘ಮೋಡಣ್ಣನ ತಮ್ಮ’.

ಕಳೆದ ಬೇಸಿಗೆಯಲ್ಲಿ ನಮ್ಮ ಬಯಲುಸೀಮೆಯ ಊರಿನ ಶಾಲೆಯಂಗಳದಲ್ಲಿ ಇಂತಹದೊಂದು ಆಟವನ್ನು ಕಂಡೆ. ಹಳೆಯ ನೀಲಿ ಸೀರೆಗಳನ್ನು ಹಾಸಿ ಕಡಲು ಮಾಡಿದ್ದರು. ಅದರೊಳಗೆ ಮೂವತ್ತು ಮಕ್ಕಳು ಹನಿಗಳಾಗಿ ಕುಳಿತಿದ್ದರು. ನಡುವೆ ನಾಲ್ವರು ಉಪ್ಪಿನ ಹರಳುಗಳು. ಹಳದಿ ವಸ್ತ್ರ ಹೊದ್ದ ಸೂರ್ಯನು ಸಮೀಪಿಸಲು, ಹನಿಗಳು ತುದಿಗಾಲಿನಲ್ಲಿ ಸದ್ದಿಲ್ಲದೆ ಮೇಲೆದ್ದವು. ಉಪ್ಪು ಮಾತ್ರ ಕುಳಿತಲ್ಲೇ ಉಳಿಯಿತು. ಕಡಲು ಉಪ್ಪಾದರೂ ಮಳೆ ಸಿಹಿಯೇಕೆಂಬ ಪ್ರಶ್ನೆಗೆ ಬೇರೆ ಉತ್ತರ ಬೇಕಾಗಲಿಲ್ಲ. ನೀರು ಆವಿಯಾಗಲು ಕುದಿಯಲೇಬೇಕಿಲ್ಲವೆಂಬುದೂ ಅಲ್ಲಿಯೇ ತಿಳಿಯಿತು.

ಆವಿ ಕಣ್ಣಿಗೆ ಕಾಣದು. ಮೇಲೇರಿ ತಣಿದು, ಧೂಳಿನ ಕಣವನ್ನು ಆಶ್ರಯಿಸಿ ಸೂಕ್ಷ್ಮ ಹನಿಯಾದಾಗಲೇ ಅದು ಮೋಡ. ಆದುದರಿಂದ ಮಕ್ಕಳು ಕೆಮ್ಮಣ್ಣಿನ ಚಿಟಿಕೆ ಹಿಡಿದವನ ಸುತ್ತ ಕೈಕೈ ಹಿಡಿದು ಒತ್ತಾಗಿ ನಿಂತರು. ಆಕಾಶದಲ್ಲಿ ಆವಿಯ ವಾಸ ಸರಾಸರಿ ಒಂಬತ್ತು ಹತ್ತು ದಿನ ಮಾತ್ರ. ತಮಟೆಯ ಹತ್ತು ಪೆಟ್ಟಿಗೆ ಮಳೆ ಸುರಿಯಿತು.

ಇಲ್ಲಿಯೇ ಆಟದ ಮರ್ಮವಿದ್ದುದು. ಕಡಲಿನಿಂದೇಳುವ ಆವಿಯ ಹತ್ತು ಪಾಲಿನಲ್ಲಿ ಸುಮಾರು ಒಂಬತ್ತು ಪಾಲು ಮರಳಿ ಕಡಲಿಗೇ ಬೀಳುತ್ತದೆ. ಇಪ್ಪತ್ತೇಳು ಮಕ್ಕಳು ನೀಲಿ ಸೀರೆಗೆ ಹಿಂದಿರುಗಿದರು; ನೆಲದತ್ತ ಬಂದವರು ಮೂವರೇ! ‘ಇಷ್ಟೇನಾ?’ ಎಂಬ ಉದ್ಗಾರ ನೋಡುವವರಲ್ಲಿ ಎದ್ದಿತು.

ಮೊದಲನೆಯ ಹನಿ ಗಂಗಾಮೂಲದ ಬಳಿ ಬಿದ್ದು ತುಂಗೆಯಾಯಿತು. ಕೂಡಲಿಯಲ್ಲಿ ಭದ್ರೆಯ ಕೈಹಿಡಿದು, ಮುಂದೆ ಕೃಷ್ಣೆಯೊಡನೆ ಬೆರೆತು ಬಂಗಾಳ ಕೊಲ್ಲಿಗೆ ಸಾಗಿತು. ಪಡುಗಡಲಿನಲ್ಲಿ ಎದ್ದ ಹನಿ ಮೂಡುಗಡಲನ್ನು ಸೇರಿತು. ಎರಡನೆಯದನ್ನು ಹೊಂಗೆಮರವು ಬೇರಿನಿಂದ ಹೀರಿ, ಎಲೆಯ ಮೂಲಕ ಮತ್ತೆ ಆಕಾಶಕ್ಕೆ ಬಿಟ್ಟಿತು. ಮೂರನೆಯದು ಘಟ್ಟ ದಾಟಿ ಬಂದ ಅಪರೂಪದ ಹನಿ. ಮೋಡವು ಘಟ್ಟವನ್ನೇರುವಾಗಲೇ ಬಹುಪಾಲು ಬರಿದಾಗುವುದರಿಂದ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಸುರಿದರೆ, ಚಳ್ಳಕೆರೆಯ ಸೀಮೆಗೆ 500 ಕೂಡ ದುರ್ಲಭ.

ಆ ಹನಿಯಾದ ಬಾಲಕಿ ಕೆರೆಗಿಳಿದು, ಕಂಬಳಿಯಡಿ ಅಂತರ್ಜಲವಾಗಿ ಕುಳಿತಳು. ಕೊಳವೆಬಾವಿಯಾದ ಹುಡುಗನು ಹಗ್ಗ ಬಿಟ್ಟು ಅವಳನ್ನು ಹೊರಗೆಳೆದ. ಎಲ್ಲರೂ ಚಪ್ಪಾಳೆ ತಟ್ಟಿದರು.

ಗುರುಗಳು ಆಟವನ್ನು ಮತ್ತೊಮ್ಮೆ ಆಡಿಸಿದರು. ಈ ಸಲ ಕೆರೆಯಲ್ಲಿ ಹೂಳಾಗಿ ನಾಲ್ಕಾರು ಮಕ್ಕಳು ಒತ್ತಾಗಿ ಕುಳಿತರು. ಹನಿಗೆ ಕೆಳಗಿಳಿಯಲು ಎಡೆ ಸಿಗಲಿಲ್ಲ. ಸೂರ್ಯನು ಬಂದು ಕರೆದೊಯ್ದ. ಕೊಳವೆಬಾವಿಯ ಹುಡುಗ ಹಗ್ಗವನ್ನು ಎಷ್ಟು ಎಳೆದರೂ ಬರಿಗೈ. ಅವನು ನನ್ನ ಕಡೆ ತಿರುಗಿ, “ಅಜ್ಜಾರೆ, ಕೆಳಗೆ ಯಾರೂ ಇಲ್ಲ!” ಎಂದ. ಅಂಗಳವೆಲ್ಲ ಮೌನವಾಯಿತು. ನೆರೆದಿದ್ದ ಹಿರಿಯರಲ್ಲಿ ತಲೆತಗ್ಗಿಸದವರು ಕಡಿಮೆ. ಊರ ಕೆರೆಯ ಹೂಳನ್ನು ಕಂಡೂ ಕಾಣದಂತಿದ್ದವರು ನಾವೇ ತಾನೆ?

ತಾಯಿತಂದೆಗಳು ಈ ಆಟವನ್ನು ಮನೆಯಂಗಳದಲ್ಲಿಯೂ ಆಡಿಸಬಹುದು. ಅನ್ನ ಬೇಯುವಾಗ ತಟ್ಟೆಯ ಒಳಬದಿಯಲ್ಲಿ ಹನಿಗಟ್ಟುವುದನ್ನು ಮೊದಲು ತೋರಿಸಿರಿ, ಬಳಿಕ ಆಡಿಸಿರಿ, ಸಂಜೆ ಮಗುವಿನ ಕೈಹಿಡಿದು ಕೆರೆಯ ಏರಿಯ ಮೇಲೆ ನಡೆಯಿರಿ. ಮೂವತ್ತರಲ್ಲಿ ನಮ್ಮ ಪಾಲಿಗೆ ಬಂದ ಮೂರು ಹನಿಗಳನ್ನು ಏನು ಮಾಡಿದಿರೆಂದು ಮಗು ಕೇಳಿಯೇ ಕೇಳುತ್ತದೆ. ಅದಕ್ಕೆ ಉತ್ತರವನ್ನು ಸಿದ್ಧಪಡಿಸಿಕೊಳ್ಳುವುದು ನಮ್ಮ ಹೊಣೆ.