ಸಾಗರದ ಕೆರೆ ಮತ್ತು ಪೌರಾಡಳಿತ

ಕೆರೆಯುಳ್ಳ ಊರುಗಳು ನಮ್ಮ ನಾಡಿನಲ್ಲಿ ಬಹಳ. ಕೆರೆಯಿಂದಲೇ ಹೆಸರು ಪಡೆದ ಊರುಗಳು ಕೆಲವು. ಶಿವಮೊಗ್ಗ ಜಿಲ್ಲೆಯ ಸಾಗರ ಅಂಥದೊಂದು. ಕೆಳದಿಯ ಅರಸು ಸದಾಶಿವ ನಾಯಕನು ಹದಿನಾರನೆಯ ಶತಮಾನದಲ್ಲಿ ಕೆಳದಿಗೂ ಇಕ್ಕೇರಿಗೂ ನಡುವೆ ಕಟ್ಟಿಸಿದ ಸದಾಶಿವಸಾಗರವೇ ಇಂದಿನ ಗಣಪತಿ ಕೆರೆ. ಹಿಂದೆ ಊರು ಕೆರೆಯ ಆಶ್ರಯದಲ್ಲಿತ್ತು. ಇಂದು ಕೆರೆಯೇ ಊರಿನ ಆಶ್ರಯದಲ್ಲಿದೆ. ಇಂಥ ಕೆರೆಯನ್ನು ಕಾಯಬೇಕಾದವರು ಯಾರು? ಈ ಪ್ರಶ್ನೆಯನ್ನು ಹಿಡಿದು ಹೊರಟರೆ ಸಣ್ಣ ನಗರವೊಂದರ ಆಡಳಿತವೆಲ್ಲ ಕಣ್ಣಿಗೆ ಬೀಳುತ್ತದೆ.

ಮೊದಲು ನಗರಸಭೆಯನ್ನು ನೋಡೋಣ. ಸ್ಥಳೀಯ ಸ್ವಯಮಾಡಳಿತವೆಂದೊಡನೆ ತರಗತಿಯಲ್ಲಿ ನಾವು ಕೇಳುವುದು ರಿಪ್ಪನ್ ಪ್ರಭುವಿನ 1882ರ ಠರಾವನ್ನು. ನಮ್ಮ ರಾಜ್ಯದ ನಗರಸಭೆ, ಪುರಸಭೆಗಳು ನಡೆಯುವುದು 1964ರ ಪೌರಸಭೆಗಳ ಕಾಯಿದೆಯಂತೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ಇವಕ್ಕೆ 5 ವರ್ಷಗಳ ಅವಧಿಯನ್ನೂ, ಮಹಿಳೆಯರಿಗೆ ಕನಿಷ್ಠ ಮೂರನೆಯ ಒಂದು ಪಾಲು ಸ್ಥಾನಗಳನ್ನೂ ಗೊತ್ತುಮಾಡಿತು. ಸಾಗರದ ಜನಸಂಖ್ಯೆ 2011ರ ಜನಗಣತಿಯಲ್ಲಿ 50 ಸಾವಿರವನ್ನು ದಾಟಿತ್ತು, ಇಲ್ಲಿರುವುದು ನಗರಸಭೆ.

ವಾರ್ಡುಗಳಿಂದ ಜನರು ಸದಸ್ಯರನ್ನು ಆರಿಸುತ್ತಾರೆ. ಸದಸ್ಯರು ತಮ್ಮಲ್ಲೇ ಒಬ್ಬರನ್ನು ಅಧ್ಯಕ್ಷರನ್ನಾಗಿ ಆರಿಸುತ್ತಾರೆ. ಆದರೆ ಕಚೇರಿಯ ಚುಕ್ಕಾಣಿ ಹಿಡಿದ ಪೌರಾಯುಕ್ತರನ್ನು ನೇಮಿಸುವುದು ಸರ್ಕಾರ. ಸಭೆ ನಿರ್ಣಯಿಸುತ್ತದೆ, ಪೌರಾಯುಕ್ತರು ನಡೆಸುತ್ತಾರೆ. ಬೀದಿದೀಪ, ಚರಂಡಿ, ಕಸ, ಜನನ ಮರಣಗಳ ನೋಂದಣಿ ಇವು ಅದರ ಕಡ್ಡಾಯ ಕರ್ತವ್ಯಗಳು. ಮನೆಕಂದಾಯ ಅದರ ಸ್ವಂತ ಆದಾಯ. ಸಾಲದುದಕ್ಕೆ ಸರ್ಕಾರದ ಅನುದಾನವನ್ನು ಎದುರು ನೋಡಬೇಕು.

ಇನ್ನು ಕೆರೆಯ ವಿಚಾರ. ಕೆರೆ ಕಟ್ಟಿಸಿದವರಿಗೂ ಅದನ್ನು ದುರಸ್ತಿಯಲ್ಲಿ ಇಟ್ಟವರಿಗೂ ‘ಕಟ್ಟುಗೊಡಗೆ’ ಎಂದು ಭೂಮಿ ಬಿಡುತ್ತಿದ್ದುದನ್ನು ನಮ್ಮ ಶಾಸನಗಳು ಹೇಳುತ್ತವೆ. ಹೊಣೆ ಒಬ್ಬನದು, ಪ್ರತಿಫಲವೂ ಅವನದೇ. ಇಂದು ಆ ಹೊಣೆ ಹಂಚಿಹೋಗಿದೆ. ಕೆರೆಯಂಗಳದ ಅಳತೆ, ಒತ್ತುವರಿಯ ವಿಚಾರಕ್ಕೆ ಕಂದಾಯ ಇಲಾಖೆ. ಸುತ್ತಲಿನ ಚರಂಡಿಗೂ ಕಸಕ್ಕೂ ನಗರಸಭೆ. ದೊಡ್ಡ ಒಳಚರಂಡಿ ಯೋಜನೆಗಳಿಗೆ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ನೀರು ಕೆಟ್ಟರೆ ಮಾಲಿನ್ಯ ನಿಯಂತ್ರಣ ಮಂಡಳಿ. ಸಾಲದೆಂಬಂತೆ ಕೆರೆಗಳ ರಕ್ಷಣೆಗೆಂದೇ 2014ರಲ್ಲಿ ಬೇರೊಂದು ಕಾಯಿದೆ ಬಂದಿತು. ಕಾವಲುಗಾರರಿಗೆ ಕೊರತೆಯಿಲ್ಲ, ಆದರೆ ಬಹಳ ಮಂದಿ ಕಾಯುವ ಹೊಲದಲ್ಲಿ ದನ ನುಗ್ಗಿದರೆ ಪ್ರತಿಯೊಬ್ಬನೂ ಪಕ್ಕದವನ ಕಡೆಗೆ ಕೈತೋರಿಸುವುದು ಸುಲಭ.

ಇದರ ಭಾರ ಬೀಳುವುದು ಓದು ಬಾರದವರ ಮೇಲೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಕೇರಿಯವರು ಅರ್ಜಿ ಬರೆಸಲು ನನ್ನಲ್ಲಿಗೆ ಬರುತ್ತಾರೆ. “ಯಾರಿಗೆ ಅಂತ ಬರೀಲಿ, ಚಿಕ್ಕಪ್ಪ?” ಎಂದರೆ, “ಸರ್ಕಾರಕ್ಕೆ ಅಂತ ಬರಿಯಪ್ಪ” ಎನ್ನುತ್ತಾರೆ. ಸರ್ಕಾರವೆಂಬ ವಿಳಾಸಕ್ಕೆ ಕಾಗದ ಮುಟ್ಟಿಸುವ ಅಂಚೆಯವನಿಲ್ಲ. ಚರಂಡಿಯ ದೂರನ್ನು ತಾಲ್ಲೂಕು ಕಚೇರಿಗೆ ಹೊತ್ತೊಯ್ದವನು ಒಂದು ದಿನದ ಕೂಲಿಯನ್ನು ಕಳೆದುಕೊಳ್ಳುತ್ತಾನೆ; ಎರಡನೆಯ ಸಲ ಹೋಗುವುದೇ ಇಲ್ಲ. ಅವನು ಹೋಗದಿದ್ದಲ್ಲಿ ಚರಂಡಿ ಕೆರೆಗೆ ಹರಿಯುತ್ತಲೇ ಇರುತ್ತದೆ.

ಆದುದರಿಂದ ಪೌರನೀತಿ ಪರೀಕ್ಷೆಗೆ ಮಾತ್ರ ಓದುವ ವಿಷಯವಲ್ಲವೆಂದು ನನ್ನ ಅಭಿಪ್ರಾಯ. ಕಾಯಿದೆಯಂತೆ ನಗರಸಭೆ ತಿಂಗಳಿಗೊಮ್ಮೆಯಾದರೂ ಸೇರಬೇಕು. ಅಲ್ಲಿ ಆದ ನಿರ್ಣಯದ ಪ್ರತಿಯನ್ನು 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ ಯಾವ ಪೌರನೂ ಕೇಳಬಹುದು. ಓದಿದ ನಾವು ನಮ್ಮ ವಾರ್ಡಿನ ಸದಸ್ಯರು ಯಾರು, ಯಾವ ಕೆಲಸ ಯಾವ ಕಚೇರಿಯದು ಎಂಬುದನ್ನು ತಿಳಿದು ನೆರೆಯವರಿಗೆ ತಿಳಿಸಿದರೆ, ಒಬ್ಬೊಬ್ಬ ಕೂಲಿಕಾರನ ಒಂದೊಂದು ದಿನವಾದರೂ ಉಳಿದೀತು. ಅರಸನು ಕಟ್ಟಿಸಿದ ಕೆರೆಯನ್ನು ಉಳಿಸಿಕೊಳ್ಳಲು ಇಂದು ಅರಸನಿಲ್ಲ. ಸರಿಯಾದ ವಿಳಾಸ ಬರೆದ ಅರ್ಜಿಯುಂಟು, ಅದನ್ನು ಬಿಡದೆ ಹಿಂಬಾಲಿಸುವ ಪೌರನು ಬೇಕು.