ನೆಗಡಿ ಮಾತ್ರೆಯ ಮಂಪರು

ಓದುಗರೊಬ್ಬರು ಕೇಳಿದ್ದಾರೆ: ‘ಅಲರ್ಜಿಗೆ ಕೊಟ್ಟ ಔಷಧದ ಮೇಲೆ ಡ್ರೌಸಿನೆಸ್ ಬರಬಹುದು, ವಾಹನ ಓಡಿಸಬೇಡಿ ಎಂದಿದೆ. ಮೂಗು ಸೋರುವುದಕ್ಕೂ ತೂಕಡಿಕೆಗೂ ಏನು ಸಂಬಂಧ? ಮಾತ್ರೆಯಲ್ಲಿ ನಿದ್ದೆಯ ಔಷಧವನ್ನೂ ಬೆರೆಸಿರುತ್ತಾರೆಯೇ?’

ಬೆರೆಸಿರುವುದಿಲ್ಲ. ಮೂಗಿನ ನೀರು ನಿಲ್ಲಿಸುವ ಅಣುವೇ ಕಣ್ಣನ್ನೂ ಎಳೆಯುತ್ತದೆ. ಎರಡೂ ಕಡೆ ಅದು ಅಡ್ಡಗಟ್ಟುವುದು ಹಿಸ್ಟಮಿನ್ ಎಂಬ ಒಂದೇ ರಾಸಾಯನಿಕವನ್ನು. ದೂಳೋ ಪರಾಗವೋ ತಾಗಿದಾಗ ಮೂಗಿನಲ್ಲಿ ಹಿಸ್ಟಮಿನ್ ಬಿಡುಗಡೆಯಾಗಿ ಸೀನು, ತುರಿಕೆ, ಸೋರಿಕೆ ಶುರುವಾಗುತ್ತವೆ. ಮಿದುಳಿನಲ್ಲಿ ಅದರ ಕೆಲಸವೇ ಬೇರೆ, ನಮ್ಮನ್ನು ಎಚ್ಚರವಾಗಿ ಇಡುವುದು. ಹಾಗಾಗಿ ಈ ಮಾತ್ರೆ ನಿದ್ದೆ ತರಿಸುತ್ತದೆ ಎನ್ನುವುದಕ್ಕಿಂತ ಎಚ್ಚರವನ್ನು ಕುಗ್ಗಿಸುತ್ತದೆ ಎನ್ನುವುದು ವಾಸ್ತವಕ್ಕೆ ಹತ್ತಿರ.

ಎಚ್ಚರಕ್ಕೆ ಮಿದುಳಿನಲ್ಲಿ ಒಂದು ನೆಲೆ ಇದೆ ಎಂಬ ಬಲವಾದ ಸುಳಿವು ಸಿಕ್ಕಿದ್ದು ಒಂದು ವಿಚಿತ್ರ ಪಿಡುಗಿನಿಂದ. ಮೊದಲ ಮಹಾಯುದ್ಧದ ಕಾಲ. ವಿಯೆನ್ನಾದ ಆಸ್ಪತ್ರೆಗೆ ಬರುತ್ತಿದ್ದ ಕೆಲವು ರೋಗಿಗಳು ವಾರಗಟ್ಟಲೆ ಮಲಗಿಯೇ ಇರುತ್ತಿದ್ದರು. ಎಬ್ಬಿಸಿದರೆ ಏಳುತ್ತಿದ್ದರು, ಕೇಳಿದ್ದಕ್ಕೆ ಉತ್ತರವನ್ನೂ ಕೊಡುತ್ತಿದ್ದರು, ಬಿಟ್ಟರೆ ಮತ್ತೆ ನಿದ್ದೆ. 1917ರಲ್ಲಿ ಈ ಕಾಯಿಲೆಯನ್ನು ವಿವರವಾಗಿ ದಾಖಲಿಸಿದವರು ನರವೈದ್ಯ ಕಾನ್‌ಸ್ಟಾಂಟಿನ್ ಫಾನ್ ಎಕೊನಮೊ. ತೀರಿಕೊಂಡವರ ಮಿದುಳನ್ನು ಸೀಳಿ ನೋಡಿದಾಗ ಅದರೊಳಗಿನ ಹೈಪೊಥಾಲಮಸ್ ಎಂಬ ಪ್ರದೇಶದ ಹಿಂಭಾಗ ಹಾಳಾಗಿತ್ತು. ಅದೇ ಕಾಯಿಲೆ ತಗುಲಿಯೂ ನಿದ್ದೆಯೇ ಹತ್ತದೆ ನರಳಿದ ಕೆಲವರಿದ್ದರು. ಅವರಲ್ಲಿ ಹಾಳಾಗಿದ್ದು ಮುಂಭಾಗ. ಹಿಂದೆ ಎಚ್ಚರದ ಕೇಂದ್ರ, ಮುಂದೆ ನಿದ್ದೆಯ ಕೇಂದ್ರ ಇರಬೇಕೆಂದು ಎಕೊನಮೊ ತರ್ಕಿಸಿದರು. ಸ್ಕ್ಯಾನ್ ಇಲ್ಲ, ರಾಸಾಯನಿಕ ಪರೀಕ್ಷೆ ಇಲ್ಲ, ಸೂಕ್ಷ್ಮದರ್ಶಕವೊಂದೇ ಆಸರೆ. 1931ರಲ್ಲಿ ಅವರು ತೀರಿಹೋದರು. ಹಿಸ್ಟಮಿನ್ ತಯಾರಿಸುವ ನರಕೋಶಗಳು ಗುಂಪುಗೂಡಿರುವುದು ಅವರು ಬೆರಳಿಟ್ಟು ತೋರಿಸಿದ ಆ ಹಿಂಭಾಗದಲ್ಲೇ ಎಂದು ಖಚಿತವಾದದ್ದು 1984ರಲ್ಲಿ. ಮನುಷ್ಯನ ಮಿದುಳಿನಲ್ಲಿ ಇಂಥ ಕೋಶಗಳು ಸುಮಾರು 64 ಸಾವಿರ ಇವೆ. ಕೋಟಿಗಟ್ಟಲೆ ನರಕೋಶಗಳ ನಡುವೆ ಇದು ಲೆಕ್ಕಕ್ಕೇ ಬಾರದ ಸಂಖ್ಯೆ, ಆದರೆ ಅವುಗಳ ತಂತುಗಳು ಹೆಚ್ಚುಕಡಿಮೆ ಇಡೀ ಮಿದುಳನ್ನು ಮುಟ್ಟುತ್ತವೆ. ನಾವು ಎಚ್ಚರವಿದ್ದಾಗ ಅವು ಮಿಡಿಯುತ್ತವೆ, ಮಲಗಿದಾಗ ಸುಮ್ಮನಾಗುತ್ತವೆ.

ಇತ್ತ ಔಷಧ ಹುಡುಕುತ್ತಿದ್ದವರಿಗೆ ಮಿದುಳಿನ ಯೋಚನೆಯೇ ಇರಲಿಲ್ಲ. 1937ರಲ್ಲಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ಡೇನಿಯಲ್ ಬೊವೆ ಮತ್ತು ಆನ್-ಮರಿ ಸ್ಟೌಬ್ ಹಿಸ್ಟಮಿನ್‌ಗೆ ತಡೆಯೊಡ್ಡುವ ಮೊದಲ ವಸ್ತುವನ್ನು ಕಂಡುಕೊಂಡರು. ಮನುಷ್ಯರಿಗೆ ಕೊಡಲಾಗದಷ್ಟು ವಿಷಕಾರಿ ಅದು. 1943ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಜಾರ್ಜ್ ರೀವ್‌ಶಲ್ ಎಂಬ ರಸಾಯನ ವಿಜ್ಞಾನಿ ಸ್ನಾಯು ಸೆಳೆತಕ್ಕೆ ಮದ್ದು ಹುಡುಕುತ್ತ ಡೈಫೆನ್‌ಹೈಡ್ರಮಿನ್ ತಯಾರಿಸಿದರು. ಸೆಳೆತಕ್ಕಿಂತ ಅಲರ್ಜಿಗೇ ಅದು ಒದಗಿತು. ನಮ್ಮ ಮನೆಗಳ ಬೆನಡ್ರಿಲ್ ಕೆಮ್ಮಿನ ಸಿರಪ್ಪಿನಲ್ಲಿ ಇರುವುದು ಇದೇ. ಕುಡಿದ ಅರ್ಧ ಗಂಟೆಗೆ ಮಗು ಮಲಗಿಬಿಟ್ಟರೆ ‘ಔಷಧ ಚೆನ್ನಾಗಿ ಹಿಡಿಯಿತು’ ಎನ್ನುವ ಅಜ್ಜಿಯರಿದ್ದಾರೆ. ಮಲಗಿಸಿದ್ದು ಅಡ್ಡಪರಿಣಾಮ, ಮಕ್ಕಳ ವಿಷಯದಲ್ಲಿ ಅದನ್ನು ಲಾಭವೆಂದು ಎಣಿಸಬಾರದು.

ಎಲ್ಲ ಅಲರ್ಜಿ ಮಾತ್ರೆಗಳೂ ಒಂದೇ ಸಮ ಮಂಪರು ತರುವುದಿಲ್ಲವಲ್ಲ, ಅದೇಕೆ? ಮಿದುಳಿಗೆ ರಕ್ತ ಒಯ್ಯುವ ನಾಳಗಳ ಗೋಡೆ ಬಹಳ ಬಿಗಿ. ಮದುವೆ ಮನೆಯ ಬಾಗಿಲಲ್ಲಿ ನಿಂತ ಖಡಕ್ ಸೋದರಮಾವನನ್ನು ನೆನೆಸಿಕೊಳ್ಳಿ. ಕರೆಯದೆ ಬಂದವರನ್ನು ಅವನು ಹೊಸ್ತಿಲಲ್ಲೇ ತಡೆಯುತ್ತಾನೆ. ಸಂದಿಯಲ್ಲಿ ನುಸುಳಿ ಪಂಕ್ತಿಗೆ ಕೂತವರನ್ನೂ ಗುರುತು ಹಿಡಿದು, ತೋಳು ಹಿಡಿದು ಆಚೆ ಕಳಿಸುತ್ತಾನೆ. ಕೊಬ್ಬಿನಲ್ಲಿ ಸುಲಭವಾಗಿ ಕರಗುವ ಹಳೆಯ ಔಷಧಗಳು ಅವನ ಕಣ್ಣು ತಪ್ಪಿಸಿ ಒಳಗೆ ಉಳಿದುಬಿಡುತ್ತವೆ. ಫೆಕ್ಸೊಫೆನಡಿನ್‌ನಂಥ ಹೊಸ ಔಷಧ ಒಳಗೆ ಕಾಲಿಟ್ಟರೂ ಪಿ-ಗ್ಲೈಕೊಪ್ರೊಟೀನ್ ಎಂಬ ಪಂಪು ಅದನ್ನು ಮರಳಿ ರಕ್ತಕ್ಕೆ ನೂಕುತ್ತದೆ.

ಈ ಹೊಸ ತಲೆಮಾರಿನ ಔಷಧಗಳು 1980ರ ದಶಕದಲ್ಲಿ ಬಂದಾಗ ಜಾಹೀರಾತಿನವರಿಗೆ ಹಬ್ಬ. ‘ಮಂಪರು ಬರದ ಮಾತ್ರೆ’ ಎಂಬ ಹಣೆಪಟ್ಟಿ ಎಲ್ಲದಕ್ಕೂ ಅಂಟಿತು. ಮೊದಲು ಮೆರೆದ ಟರ್ಫೆನಡಿನ್ ಕೆಲವರಲ್ಲಿ ಹೃದಯದ ಲಯವನ್ನೇ ಕೆಡಿಸುತ್ತದೆಂದು ಗೊತ್ತಾಗಿ 1990ರ ದಶಕದ ಕೊನೆಗೆ ಅಮೆರಿಕದ ಮಾರುಕಟ್ಟೆಯಿಂದ ಹೊರಬಿತ್ತು. ಅದು ದೇಹದೊಳಗೆ ಮಾರ್ಪಟ್ಟು ಆಗುವ ವಸ್ತುವೇ ಫೆಕ್ಸೊಫೆನಡಿನ್, ಹೃದಯಕ್ಕೆ ಆ ಕಾಟ ಕೊಡದ್ದು. ಮೆಡಿಕಲ್ ಶಾಪಿನಲ್ಲಿ ಕೇಳಿದೊಡನೆ ಸಿಗುವ ಸೆಟ್ರಿಜಿನ್ ಸಹ ಹೊಸ ತಲೆಮಾರಿನದೇ. ಆದರೆ ಮಿದುಳಿಗೆ ಅದು ಪೂರ್ತಿ ಹೊರಗಿನದಲ್ಲ, ಸ್ವಲ್ಪ ಒಳಹೋಗುತ್ತದೆ. ಜಪಾನಿನ ಸೆಂಡೈನಲ್ಲಿ ಕಝುಹಿಕೊ ಯನಾಯಿ ತಂಡ ಪೆಟ್ ಸ್ಕ್ಯಾನ್ ಮೂಲಕ ಇದನ್ನು ಅಳೆಯುವ ದಾರಿ ಮಾಡಿತು. ಮಿದುಳಿನಲ್ಲಿ ಹಿಸ್ಟಮಿನ್ ಬಂದು ಕೂರುವ ಗ್ರಾಹಕಗಳಲ್ಲಿ ಶೇ. 50ಕ್ಕೂ ಹೆಚ್ಚನ್ನು ಆಕ್ರಮಿಸುವ ಔಷಧ ಮಂಪರಿನದು, ಶೇ. 20ಕ್ಕಿಂತ ಕಡಿಮೆಯಾದರೆ ಮಂಪರಿಲ್ಲದ್ದು, ನಡುವಿನವು ನಡುವಿನವೇ. ಹಣೆಪಟ್ಟಿಗಿಂತ ಈ ಲೆಕ್ಕವನ್ನು ನಾನು ನಂಬುತ್ತೇನೆ.

‘ನನಗೆ ಇದರಿಂದ ಏನೂ ಆಗುವುದಿಲ್ಲ, ಗಾಡಿ ಆರಾಮಾಗಿ ಓಡಿಸುತ್ತೇನೆ’ ಎನ್ನುವವರು ಅಮೆರಿಕದ ಅಯೋವಾದಲ್ಲಿ ನಡೆದು 2000ದಲ್ಲಿ ಪ್ರಕಟವಾದ ಪ್ರಯೋಗವನ್ನು ಗಮನಿಸಬೇಕು. 40 ಮಂದಿ ಅಲರ್ಜಿ ರೋಗಿಗಳಿಗೆ ಬೇರೆಬೇರೆ ಸಲ ಡೈಫೆನ್‌ಹೈಡ್ರಮಿನ್, ಫೆಕ್ಸೊಫೆನಡಿನ್, ಮದ್ಯ ಮತ್ತು ಔಷಧವಿಲ್ಲದ ಸಪ್ಪೆ ಮಾತ್ರೆ ಕೊಟ್ಟು ಸಿಮ್ಯುಲೇಟರಿನಲ್ಲಿ ಕಾರು ಓಡಿಸಲು ಹೇಳಿದರು. 50 ಮಿಲಿಗ್ರಾಂ ಡೈಫೆನ್‌ಹೈಡ್ರಮಿನ್ ತೆಗೆದುಕೊಂಡಾಗ ಅವರು ಮದ್ಯ ಕುಡಿದಾಗಿನದಕ್ಕಿಂತಲೂ ಕೆಟ್ಟದಾಗಿ ಓಡಿಸಿದರು. ಫೆಕ್ಸೊಫೆನಡಿನ್ ಸಪ್ಪೆ ಮಾತ್ರೆಗೆ ಸಮನಾಗಿತ್ತು. ಇದಕ್ಕಿಂತ ಕುತೂಹಲದ್ದೆಂದರೆ, ಎಷ್ಟು ಮಂಪರಾಗಿದೆ ಎಂದು ಅವರೇ ಹೇಳಿದ್ದಕ್ಕೂ ಓಡಿಸಿದ ರೀತಿಗೂ ತಾಳೆಯಾಗಲಿಲ್ಲ. ಅಳೆಯಬೇಕಾದ ಮಿದುಳೇ ಮಂಕಾಗಿದ್ದರೆ ಇನ್ನೇನಾಗುತ್ತದೆ!

ರಾತ್ರಿ ನುಂಗಿ ಮಲಗಿದರೆ ಬೆಳಿಗ್ಗೆಗೆ ಇಳಿದಿರುತ್ತದೆ ಎಂಬ ಲೆಕ್ಕವೂ ಎಲ್ಲ ಔಷಧಗಳಿಗೆ ಹೊಂದುವುದಿಲ್ಲ. ನೆಗಡಿ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಇರುವ ಕ್ಲೋರ್‌ಫೆನಿರಮಿನ್ ವಯಸ್ಕರ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು 20 ಗಂಟೆ ಹಿಡಿಯುತ್ತದೆ. ಬೆಳಿಗ್ಗೆ ಬೈಕ್ ಹತ್ತುವವರು ಮಾತ್ರೆಯ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಆ ಹೆಸರಿದೆಯೇ ಎಂದು ಓದಿಕೊಳ್ಳುವುದು ಒಳ್ಳೆಯದು. ಇದ್ದರೆ ಬೇರೆ ಮಾತ್ರೆ ಆಗುತ್ತದೆಯೇ ಎಂದು ವೈದ್ಯರನ್ನು ಕೇಳಬಹುದು.